ಡೇರೆ ವಾಪಸ್ ಬರಬೇಕು

ನಮ್ಮ ಅಬ್ಬಾ ಟೆಂಟ್ ಹೌಸ್ ನಡೆಸುತ್ತಾರೆ. ಶಾಮಿಯಾನ, ಕುರ್ಚಿ, ದೇಗ್, ಜಮಖಾನ ಎಲ್ಲವೂ ಬಾಡಿಗೆಗೆ. ಭಾನುವಾರ ಅಂಗಡಿಯಲ್ಲಿ ಕುಳಿತು ಬಾಡಿಗೆ ಪುಸ್ತಕ ಬರೆಯುವುದು ನನ್ನ ಕೆಲಸ. ಅದರಲ್ಲಿ ಮೂರು ಕಾಲಂ: ಯಾರ ಮನೆಗೆ, ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು. ಮೂರನೆಯ ಕಾಲಂ ಖಾಲಿ ಇದ್ದ ದಿನ ಅಬ್ಬಾಗೆ ಊಟ ರುಚಿಸುವುದಿಲ್ಲ ಎಂದು ಅಮ್ಮಿ ನಗುತ್ತಾರೆ.

ಈ ವರ್ಷ ನನಗೆ ಇನ್ನೊಂದು ಕೆಲಸ ಬಂದಿದೆ. ನನ್ನ ಭಾಯಿಜಾನ್ ಮತ್ತು ಅವರ ಐವರು ಗೆಳೆಯರು ಅರುಣಾಚಲ ಪ್ರದೇಶದ ಜಿರೋ ಸಂಗೀತ ಉತ್ಸವಕ್ಕೆ ಮತ್ತೊಮ್ಮೆ ಹೊರಟಿದ್ದಾರೆ. ಯಾವ ಡೇರೆ ತೆಗೆದುಕೊಂಡು ಹೋಗಬೇಕು ಎಂದು ಲೆಕ್ಕ ಹಾಕಿ ಹೇಳು ಎಂದು ನನ್ನನ್ನು ಕೇಳಿದ್ದಾರೆ. ನಾನು ಹೋಗುತ್ತಿಲ್ಲ. ಆದರೆ ಕಾಮರ್ಸ್ ಓದುವ ತಂಗಿ ಇದ್ದರೆ ಲೆಕ್ಕ ಅವಳ ತಲೆಗೇ ಬರುತ್ತದೆ. "ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಕೆಸರಲ್ಲಿ ಮಲಗೋದಾ?" ಎಂದು ದಾದಿ ಕೇಳಿದರು. ದಾದಿಯ ಪ್ರಶ್ನೆಯಲ್ಲಿ ಅರ್ಥವಿದೆ. ಎರಡು ವರ್ಷದ ಹಿಂದೆ ಅವರು ನಿಜವಾಗಿಯೂ ಕೆಸರಲ್ಲೇ ಮಲಗಿ ಬಂದಿದ್ದರು.

ಜಿರೋ ಒಂದು ಕಣಿವೆ. ಲೋವರ್ ಸುಬನ್‌ಸಿರಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅಪತಾನಿ ಜನರು ವಾಸಿಸುತ್ತಾರೆ. ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುವ ಅವರ ಕೃಷಿ ಪ್ರಸಿದ್ಧವಾದದ್ದು. 2012ರಿಂದ ಅಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಾಲ್ಕು ದಿನದ ಸಂಗೀತ ಉತ್ಸವ ನಡೆಯುತ್ತಿದೆ. ಬಿದಿರಿನಿಂದ ಕಟ್ಟಿದ ವೇದಿಕೆ, ಸುತ್ತ ಗದ್ದೆ, ಗುಡ್ಡ. ಹೊರರಾಜ್ಯದವರು ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕು. ಗುವಾಹಟಿಯಿಂದ ನಹರ್ಲಗುನ್‌ವರೆಗೆ ರೈಲು, ಅಲ್ಲಿಂದ ಗುಡ್ಡದ ದಾರಿಯಲ್ಲಿ ಜೀಪು. ಬಂದವರಲ್ಲಿ ಅನೇಕರು ಡೇರೆಯಲ್ಲೇ ಇರುತ್ತಾರೆ. ಸೆಪ್ಟೆಂಬರ್‌ನಲ್ಲಿ ಆ ಕಡೆ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ.

ಆರು ಜನ ಆನ್‌ಲೈನಿನಲ್ಲಿ "ನಾಲ್ಕು ಜನರ ಡೇರೆ" ಎಂದು ಬರೆದಿದ್ದ ಎರಡು ಡೇರೆ ತರಿಸಿದ್ದರು. ಒಂದಕ್ಕೆ ₹2,200. ಒಟ್ಟು ₹4,400, ತಲೆಗೆ ₹733. ಒಂದೊಂದರಲ್ಲಿ ಮೂವರು ಮಲಗಿದರೆ ಇನ್ನೊಬ್ಬರ ಜಾಗ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಐವರು ಪೂರ್ತಿ ಹಣ ಕೊಟ್ಟರು. ಆರನೆಯವರಿಗೆ ಆ ತಿಂಗಳು ಸಂಬಳ ತಡವಾಗಿತ್ತು. ಅವರು ₹300 ಕೊಟ್ಟು, ಉಳಿದದ್ದು ಆಮೇಲೆ ಕೊಡುತ್ತೇನೆ ಎಂದಿದ್ದರು.

ಎರಡನೆಯ ರಾತ್ರಿ ಮಳೆ ಬಂತು. ಬ್ಯಾಗುಗಳನ್ನು ಹೊರಗೆ ಇಡುವಂತಿರಲಿಲ್ಲ, ಎಲ್ಲವನ್ನೂ ಒಳಗೆ ಎಳೆದುಕೊಂಡರು. ಮೂವರು ಮತ್ತು ಮೂರು ದೊಡ್ಡ ಬ್ಯಾಗು ಸೇರಿದ ಮೇಲೆ ಒಬ್ಬರು ಗೋಡೆಗೆ ಅಂಟಿಕೊಂಡು ಮಲಗಲೇಬೇಕಾಯಿತು. ಮಳೆಯಲ್ಲಿ ಆ ಬಟ್ಟೆಗೆ ಮೈ ತಗುಲಿದರೆ ನೀರು ಒಳಗೆ ಜಿನುಗುತ್ತಿತ್ತು. ಆ ಜಾಗಕ್ಕೆ ಹೋಗಿ ಮಲಗಿದವರು ₹300 ಕೊಟ್ಟವರು. ಅಲ್ಲಿ ಮಲಗು ಎಂದು ಯಾರೂ ಹೇಳಲಿಲ್ಲ. ಅವರೇ ಹೋದರು. ಬೆಳಿಗ್ಗೆ ಅವರ ಹೊದಿಕೆ ಹಿಂಡಿದರೆ ನೀರು ಸುರಿಯುತ್ತಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಅವರಿಗೆ ಜ್ವರ.

ಇದನ್ನು ಕೇಳಿದ ದಿನದಿಂದ ನನಗೆ ಅಕೌಂಟೆನ್ಸಿಯ ಪಾಲುದಾರಿಕೆ ಅಧ್ಯಾಯ ಬೇರೆಯಾಗಿ ಕಾಣುತ್ತಿದೆ. ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಒಪ್ಪಂದ ಪತ್ರ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭವೂ ನಷ್ಟವೂ ಸಮಾನ ಹಂಚಿಕೆ. ಬಂಡವಾಳ ಯಾರು ಹೆಚ್ಚು ಹಾಕಿದರು, ಯಾರು ಕಡಿಮೆ ಹಾಕಿದರು ಎಂದು ಕಾಯ್ದೆ ನೋಡುವುದಿಲ್ಲ. ಆದರೆ ಆ ಡೇರೆಯೊಳಗೆ ನಷ್ಟ ಸಮಾನವಾಗಿ ಹಂಚಿಕೆಯಾಗಲಿಲ್ಲ. ಕಡಿಮೆ ಕೊಟ್ಟವರ ಮೇಲೆ ಪೂರ್ತಿ ಬಿತ್ತು. ಗುಂಪಿಗೆ ಡೇರೆ ಆರಿಸುವುದು ಬಣ್ಣ, ಬೆಲೆ ನೋಡುವ ಕೆಲಸ ಎಂದುಕೊಂಡವರು ಇದನ್ನು ಯೋಚಿಸಬೇಕು. ಡೇರೆ ಚಿಕ್ಕದಾದರೆ, ಕೆಟ್ಟದಾದರೆ, ಅದರ ಕೆಟ್ಟ ಮೂಲೆ ಯಾರಿಗೆ ಹೋಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಉಳಿದ ಒಂದು ಡೇರೆಯನ್ನು ನಾನು ಟೇಪ್ ಹಿಡಿದು ಅಳೆದೆ. ಅಗಲ 210 ಸೆಂಟಿಮೀಟರ್. ನಾಲ್ಕರಿಂದ ಭಾಗಿಸಿದರೆ ಒಬ್ಬರಿಗೆ 52 ಸೆಂಟಿಮೀಟರ್ ಚಿಲ್ಲರೆ, ಅಂದರೆ ಪೂರ್ತಿ ಎರಡು ಅಡಿಯೂ ಇಲ್ಲ. ತಯಾರಿಸಿದವರು ನಾಲ್ಕು ಮೈಗಳನ್ನು ಎಣಿಸಿದ್ದಾರೆ, ಬ್ಯಾಗು, ಚಪ್ಪಲಿ, ಮಗ್ಗುಲು ಬದಲಿಸುವುದು ಯಾವುದನ್ನೂ ಎಣಿಸಿಲ್ಲ. ಆದ್ದರಿಂದ ನನ್ನ ಮೊದಲ ಮಾತು: ಡೇರೆಯ ಮೇಲೆ ಬರೆದ ಸಂಖ್ಯೆಯಿಂದ ಒಂದು ಕಳೆಯಿರಿ, ಮಳೆಯ ಊರಾದರೆ ಎರಡು ಕಳೆಯಿರಿ.

ಎರಡನೆಯದು, ಒಂದೇ ದೊಡ್ಡ ಡೇರೆಯೋ, ಕೆಲವು ಚಿಕ್ಕವೋ? ಭಾಯಿಜಾನ್ ಗೆಳೆಯರಲ್ಲಿ ಇಬ್ಬರಿಗೆ ಎಲ್ಲರೂ ಒಟ್ಟಿಗೆ ಇರುವ ದೊಡ್ಡ ಡೇರೆ ಬೇಕು. ಹರಟೆಗೆ ಅದು ಚೆನ್ನ, ನಿಜ. ಆದರೆ ಅದರ ಒಂದು ಕೋಲು ಮುರಿದರೆ ಆರೂ ಜನ ನೆನೆಯುತ್ತಾರೆ. ಜನ ತುಂಬಿದ ಮೈದಾನದಲ್ಲಿ ಅಷ್ಟು ದೊಡ್ಡ ಸಮತಟ್ಟು ಜಾಗ ಸಿಗುವುದೂ ಕಷ್ಟ. ಒಬ್ಬರು ನಡುರಾತ್ರಿ ಬಂದು ಜಿಪ್ ಎಳೆದರೆ ಐವರು ಏಳುತ್ತಾರೆ. ಮೂರು ಜನರದ್ದು ಎಂದು ಬರೆದಿರುವ ಮೂರು ಡೇರೆ ತೆಗೆದುಕೊಂಡು ಒಂದೊಂದರಲ್ಲಿ ಇಬ್ಬರು ಮಲಗುವುದು ಮೇಲು. ಬ್ಯಾಗುಗಳಿಗೂ ಜಾಗ ಇರುತ್ತದೆ. ಒಂದು ಡೇರೆ ಕೈಕೊಟ್ಟರೂ ಅದರಲ್ಲಿದ್ದ ಇಬ್ಬರು ಉಳಿದ ಎರಡರಲ್ಲಿ ಒಬ್ಬೊಬ್ಬರಾಗಿ ಸೇರಿಕೊಳ್ಳಬಹುದು.

ಮೂರನೆಯದು ಬಟ್ಟೆ. ಡೇರೆಯ ಚೀಟಿಯ ಮೇಲೆ 1,500 ಮಿ.ಮೀ., 3,000 ಮಿ.ಮೀ. ಎಂದು ಬರೆದಿರುತ್ತಾರೆ. ಅದು ಉದ್ದವೂ ಅಲ್ಲ, ದಪ್ಪವೂ ಅಲ್ಲ. ಆ ಬಟ್ಟೆಯ ಮೇಲೆ ಎಷ್ಟು ಎತ್ತರಕ್ಕೆ ನೀರು ನಿಂತರೂ ಜಿನುಗದೆ ತಡೆಯುತ್ತದೆ ಎಂಬ ಅಳತೆ. ನೆಲದ ಹಾಸಿಗೆ ಈ ಸಂಖ್ಯೆ ಮೇಲಿನ ಬಟ್ಟೆಗಿಂತ ಹೆಚ್ಚಿರಬೇಕು, ಏಕೆಂದರೆ ನಮ್ಮ ಮೊಣಕಾಲು, ಮೊಣಕೈ ಒತ್ತಿದ ಕಡೆ ಒದ್ದೆ ನೆಲದ ನೀರು ಮೇಲೆ ಬರಲು ನೋಡುತ್ತದೆ. ಹೊಲಿಗೆಯ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿದ್ದಾರೆಯೇ ನೋಡಬೇಕು. ನೀರು ಮೊದಲು ಹುಡುಕುವುದು ಸೂಜಿಯ ತೂತನ್ನು ಎಂದು ಅಬ್ಬಾ ಹೇಳುತ್ತಾರೆ. ಎರಡು ಪದರದ ಡೇರೆಯೇ ಬೇಕು. ರಾತ್ರಿಯಿಡೀ ನಾವು ಬಿಡುವ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಎರಡು ಪದರ ಇದ್ದರೆ ಆ ಹನಿ ಹೊರಗಿನ ಪದರದಲ್ಲಿ ಉಳಿಯುತ್ತದೆ, ಒಂದೇ ಪದರವಾದರೆ ನಮ್ಮ ಮೈಮೇಲೆ ಬೀಳುತ್ತದೆ. ಇನ್ನೊಂದು ಮಾತು, ಚಳಿ ಎಂದು ಇದ್ದಿಲಿನ ಒಲೆಯನ್ನು ಡೇರೆಯೊಳಗೆ ತರಲೇಬಾರದು. ಬೆಂಕಿಯಷ್ಟೇ ಅಲ್ಲ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ಈಗ ಹಣದ ವಿಷಯ. ಹಳೆಯ ಎರಡು ಡೇರೆಗೆ ₹4,400. ಆರು ಜನ, ನಾಲ್ಕು ರಾತ್ರಿ. ಒಬ್ಬರಿಗೆ ರಾತ್ರಿಗೆ ₹183 ಬಿತ್ತು. ಒಳ್ಳೆಯ ಡೇರೆ ಒಂದಕ್ಕೆ ₹6,500 ಎಂದಿಟ್ಟುಕೊಳ್ಳೋಣ. ಮೂರಕ್ಕೆ ₹19,500. ನೋಡಿದ ತಕ್ಷಣ ಎದೆ ಝಲ್ಲೆನ್ನುತ್ತದೆ. ಆದರೆ ಅದೇ ಮೂರು ಡೇರೆ 40 ರಾತ್ರಿ ಬಾಳಿಕೆ ಬಂದರೆ ಒಬ್ಬರಿಗೆ ರಾತ್ರಿಗೆ ₹81. ಅಗ್ಗದ ಡೇರೆಗಿಂತ ಅರ್ಧಕ್ಕೂ ಕಡಿಮೆ. 18 ರಾತ್ರಿ ಆಗುವಷ್ಟರಲ್ಲೇ ಎರಡೂ ಸಮವಾಗುತ್ತವೆ. ಇದು ಸವಕಳಿಯ ಸರಳ ಲೆಕ್ಕ, ನಮ್ಮ ಪಠ್ಯದಲ್ಲೇ ಇದೆ.

ನೀವು ಕೇಳಬಹುದು, ವರ್ಷಕ್ಕೆ ನಾಲ್ಕು ರಾತ್ರಿ ಹೋಗುವವರಿಗೆ 18 ರಾತ್ರಿ ಎಲ್ಲಿಂದ ಬರುತ್ತದೆ? ಸರಿಯಾದ ಪ್ರಶ್ನೆ. ಒಂದೇ ಸಲ ಹೋಗುವವರು ದುಬಾರಿ ಡೇರೆ ಕೊಳ್ಳುವುದು ದಡ್ಡತನ. ಅವರು ಅಗ್ಗದ್ದನ್ನೂ ಕೊಳ್ಳಬಾರದು, ಬಾಡಿಗೆಗೆ ತೆಗೆದುಕೊಳ್ಳಬೇಕು. ಬಾಡಿಗೆ ₹183ಕ್ಕಿಂತ ಹೆಚ್ಚಾದರೂ ಆಗಲಿ. ಎರಡು ದಿನದ ರೈಲಿನಲ್ಲಿ ಡೇರೆ ಹೊರುವ ಕೆಲಸ ಇಲ್ಲ, ಮುರಿದದ್ದನ್ನು ಏನು ಮಾಡಲಿ ಎಂಬ ಚಿಂತೆಯೂ ಇಲ್ಲ.

ಆ ಚಿಂತೆ ನಮ್ಮ ಮನೆಗೂ ಬಂದಿತ್ತು. ಅವತ್ತು ಭಾಯಿಜಾನ್ ಊರಿಗೆ ಬಂದಾಗ ಒಂದೇ ಡೇರೆ ತಂದಿದ್ದರು, ಅದರ ಜಿಪ್ಪೂ ಕೆಟ್ಟಿತ್ತು. ಇನ್ನೊಂದು ಎಲ್ಲಿ ಎಂದು ಅಬ್ಬಾ ಕೇಳಿದರು.

"ಕೋಲು ಮುರಿದುಹೋಯ್ತು ಅಬ್ಬಾ. ಒದ್ದೆಯಾಗಿತ್ತು, ಭಾರ ಬೇರೆ. ಅಲ್ಲೇ ಬಿಟ್ಟು ಬಂದ್ವಿ."

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಜಮೀನಲ್ಲಿ ಬಿಟ್ಟೆ?" ಎಂದು ಕೇಳಿದರು.

ಭಾಯಿಜಾನ್ ಬಳಿ ಉತ್ತರ ಇರಲಿಲ್ಲ.

ಹೀಗೆ ಬಿಟ್ಟು ಬರುವವರು ನಮ್ಮ ಭಾಯಿಜಾನ್ ಒಬ್ಬರೇ ಅಲ್ಲ. ಬ್ರಿಟನ್ನಿನಲ್ಲಿ ಇಂಥ ಉತ್ಸವಗಳು ಬಹಳ. ಅಲ್ಲಿನ ಸ್ವತಂತ್ರ ಉತ್ಸವಗಳ ಒಕ್ಕೂಟ 2019ರಲ್ಲಿ ಹೇಳಿದ ಅಂದಾಜಿನಂತೆ ವರ್ಷಕ್ಕೆ ಎರಡೂವರೆ ಲಕ್ಷ ಡೇರೆಗಳನ್ನು ಜನ ಮೈದಾನದಲ್ಲೇ ಬಿಟ್ಟು ಹೋಗುತ್ತಿದ್ದರು. ಒಂದು ಡೇರೆಯ ಸರಾಸರಿ ತೂಕ ಮೂರೂವರೆ ಕೆ.ಜಿ., ಹೆಚ್ಚಿನ ಪಾಲು ಪ್ಲಾಸ್ಟಿಕ್. ಗುಣಿಸಿ ನೋಡಿ, 875 ಟನ್. "ಉತ್ಸವದ ಡೇರೆ" ಎಂದು ಹೆಸರಿಟ್ಟು ಮಾರಬೇಡಿ, ಜನ ಅದನ್ನು ಒಂದೇ ಸಲಕ್ಕೆ ಎಂದುಕೊಳ್ಳುತ್ತಾರೆ ಎಂದು ಆ ಒಕ್ಕೂಟ ಅಂಗಡಿಯವರನ್ನು ಕೇಳಿಕೊಂಡಿತು. ಬದಲಾಗಲು ಸಾಧ್ಯ ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ. ಗ್ಲಾಸ್ಟನ್‌ಬರಿ ಉತ್ಸವ ನಡೆಯುವುದು ಹಸು ಸಾಕುವ ಒಬ್ಬ ರೈತರ ಹೊಲದಲ್ಲಿ. 1970ರಲ್ಲಿ ಶುರುವಾದಾಗ ಟಿಕೆಟ್ ಒಂದು ಪೌಂಡ್, ಜೊತೆಗೆ ಹಾಲು ಉಚಿತ. ಈಗ ಅಲ್ಲಿಗೆ ಸುಮಾರು ಎರಡು ಲಕ್ಷ ಜನ ಬರುತ್ತಾರೆ. ನೆಲಕ್ಕೆ ವಿಶ್ರಾಂತಿ ಬೇಕೆಂದು ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ನಿಲ್ಲಿಸುತ್ತಾರೆ. 2019ರಲ್ಲಿ ಶೇ. 99.3ರಷ್ಟು ಡೇರೆಗಳನ್ನು ಜನ ಮನೆಗೆ ಒಯ್ದರು ಎಂದು ಆಯೋಜಕರೇ ತಿಳಿಸಿದರು.

ನಮಗೆ ಇದನ್ನು ಕಲಿಯಲು ಬ್ರಿಟನ್ನಿಗೆ ಹೋಗಬೇಕಾಗಿಲ್ಲ. ಮನೆಯ ಉರ್ದುವಿನಲ್ಲಿ ನಾವು ಡೇರಾ ಅನ್ನುತ್ತೇವೆ, ಕನ್ನಡದಲ್ಲಿ ಡೇರೆ. ಎರಡೂ ಭಾಷೆಯಲ್ಲಿ ಅದು ಹಾಕುವುದಕ್ಕೂ ಹೌದು, ಕಿತ್ತುಕೊಂಡು ಹೋಗುವುದಕ್ಕೂ ಹೌದು. ಅಬ್ಬಾ ಅಂಗಡಿಯ ಒಂದು ಶಾಮಿಯಾನಕ್ಕೆ ನನಗಿಂತ ಹೆಚ್ಚು ವಯಸ್ಸು. ಅದು ನಿಕಾಹ್‌ಗಳಿಗೂ ಹೋಗಿದೆ, ಗಣೇಶನ ಪೆಂಡಾಲಿಗೂ ಹೋಗಿದೆ, ಶಾಲೆಯ ವಾರ್ಷಿಕೋತ್ಸವಕ್ಕೂ ಹೋಗಿದೆ. ಸಾವಿನ ಮನೆಗೆ ಹೋದಾಗ ಅಬ್ಬಾ ಬಾಡಿಗೆ ಬರೆಯಬೇಡ ಅನ್ನುತ್ತಾರೆ, ಆದರೆ ವಾಪಸ್ ಕಾಲಂ ಮಾತ್ರ ಬರೆಯಲೇಬೇಕು. ಅಷ್ಟು ವರ್ಷ ಅದು ಬಾಳಲು ಒಂದೇ ಕಾರಣ, ಒದ್ದೆ ಬಟ್ಟೆಯನ್ನು ಅವರು ಎಂದೂ ಮಡಚಿ ಇಡುವುದಿಲ್ಲ. ಎಷ್ಟು ರಾತ್ರಿಯಾದರೂ ಹರಡಿ ಒಣಗಿಸುತ್ತಾರೆ. ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಈ ಸಲ ಆರು ಜನರಿಗಾಗಿ ನಾನು ಒಂದು ಪುಟದ ಒಪ್ಪಂದ ಪತ್ರ ಬರೆದಿದ್ದೇನೆ. ಮೂರು ಒಳ್ಳೆಯ ಡೇರೆ ಬೆಂಗಳೂರಿನಲ್ಲಿ ಬಾಡಿಗೆಗೆ. ಹೊರಡುವ ಮೊದಲು ಒಮ್ಮೆ ಹಾಕಿ, ನೀರು ಸುರಿದು ನೋಡಬೇಕು. ಯಾರು ಎಷ್ಟು ಕೊಟ್ಟರೂ ಮಲಗುವ ಜಾಗ ಪ್ರತಿ ರಾತ್ರಿ ಸರದಿಯಂತೆ ಬದಲಾಗಬೇಕು. ಗೂಟ, ಹಗ್ಗ, ಕೋಲು ಎಣಿಸಿ ಒಯ್ಯಬೇಕು, ಎಣಿಸಿ ತರಬೇಕು. ಐವರು ತಕ್ಷಣ ಸಹಿ ಹಾಕಿದರು. ಹೋದ ಸಲ ಗೋಡೆಯ ಬದಿ ಮಲಗಿದವರು ಮಾತ್ರ ಸರದಿಯ ಸಾಲನ್ನು ಎರಡು ಸಲ ಓದಿ, ಏನೂ ಹೇಳದೆ, ಆಮೇಲೆ ಸಹಿ ಹಾಕಿದರಂತೆ.

ನಮ್ಮ ಕಾಲೇಜಿಗೂ ನನ್ನದೊಂದು ಕೋರಿಕೆ ಇದೆ. ಎನ್.ಎಸ್.ಎಸ್. ಶಿಬಿರಕ್ಕೆ, ಪ್ರವಾಸಕ್ಕೆ ಪ್ರತಿ ಸಲ ಏನಾದರೂ ಅಗ್ಗದ್ದನ್ನು ತಂದು ಹರಿದ ಮೇಲೆ ಎಸೆಯುವ ಬದಲು, ಕಾಲೇಜೇ ಆರು ಒಳ್ಳೆಯ ಡೇರೆ ಇಟ್ಟುಕೊಳ್ಳಲಿ. ₹39,000 ಆಗುತ್ತದೆ. ಡೇರೆಗೆ ರಾತ್ರಿಗೆ ₹100 ಬಾಡಿಗೆ ಇಟ್ಟರೆ 65 ರಾತ್ರಿಯಲ್ಲಿ ಹಣ ವಾಪಸ್. ಹಳೆಯ ವಿದ್ಯಾರ್ಥಿಗಳಿಗೂ ಬಾಡಿಗೆಗೆ ಕೊಡಬಹುದು. ವರ್ಷಕ್ಕೆ 13 ರಾತ್ರಿ ಹೊರಗೆ ಹೋದರೂ ಐದು ವರ್ಷ ಸಾಕು. ಬಾಡಿಗೆ ಕೊಡಲು ಆಗದ ವಿದ್ಯಾರ್ಥಿಗೆ ಬಿಟ್ಟುಕೊಡುವ ಅಧಿಕಾರ ಉಪನ್ಯಾಸಕರಿಗೆ ಇರಲಿ, ಅದು ಯಾರಿಗೂ ತಿಳಿಯದಿರಲಿ.

ಪುಸ್ತಕ ಬರೆಯಲು ಯಾರೂ ಸಿಗದಿದ್ದರೆ ನಾನಿದ್ದೇನೆ. ಪರೀಕ್ಷೆ ಮುಗಿಯುವವರೆಗೂ ಬರೆಯುತ್ತೇನೆ. ಮೂರು ಕಾಲಂ ಸಾಕು.