ಎಳೆ ಕಡಿದರೆ ಮಗ್ಗ ನಿಲ್ಲಬೇಕು

ಕಾರು ಕೊಳ್ಳುವ ವಿಷಯಕ್ಕೆ ಬಂದರೆ ನಮ್ಮಲ್ಲಿ ಎಲ್ಲರೂ ಪಂಡಿತರೇ. "ಯಾವ ಗಾಡಿ ತಗೊಳ್ಳೋದು?" ಅಂತ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ನೋಡಿ. ಐದು ನಿಮಿಷದಲ್ಲಿ ಹತ್ತು ಉತ್ತರ. ಒಂದಕ್ಕೊಂದು ಹೊಂದೋದೇ ಇಲ್ಲ. ಆದರೆ ಒಂದು ಮಾತು ಮಾತ್ರ ಪ್ರತಿ ಸಲ ಬರುತ್ತೆ: "ದುಡ್ಡಿದ್ರೆ ಟೊಯೋಟಾ ತಗೊಳ್ಳಿ, ಕಣ್ಮುಚ್ಚಿಕೊಂಡು."

ಈ 'ಕಣ್ಮುಚ್ಚಿಕೊಂಡು' ಅನ್ನೋ ಪದವೇ ನನ್ನನ್ನು ಕಾಡಿದ್ದು. ನಮ್ಮ ಮನೆಯಲ್ಲಿ ಈಗ ದೊಡ್ಡ ಗಾಡಿಯ ಮಾತು ನಡೀತಿದೆ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಆರು ಜನ. ಯಜಮಾನರ ಕಣ್ಣು ಫಾರ್ಚೂನರ್ ಮೇಲೆ. ಮನೆ ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಬಾಕಿ ಇದೆ. ಅದರ ತಲೆ ಮೇಲೆ ಏಳು ವರ್ಷದ ಕಾರು ಸಾಲ. ಸಾಲದ್ದಕ್ಕೆ ನಮ್ಮ ರಾಜ್ಯದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18. ಇಷ್ಟೆಲ್ಲ ದುಡ್ಡನ್ನ ಕಣ್ಮುಚ್ಚಿಕೊಂಡು ಕೊಡೋಕಾಗುತ್ತಾ? ಅದಕ್ಕೇ ನಾನು ಎರಡು ಕೆಲಸ ಮಾಡಿದೆ. ಆ ಕಂಪನಿಯ ಕಥೆ ಓದಿದೆ. ಅದರ ಗಾಡಿ ಓಡಿಸುವ ನಮ್ಮವರನ್ನು ಕೂರಿಸಿಕೊಂಡು ಮಾತಾಡಿಸಿದೆ.

ಬಡಗಿಯ ಮಗನ ಮಗ್ಗ

ಟೊಯೋಟಾ ಶುರುವಾದದ್ದು ಕಾರಿನಿಂದಲ್ಲ, ಮಗ್ಗದಿಂದ. ಸಕಿಚಿ ಟೊಯೋಡಾ 1867ರಲ್ಲಿ ಹುಟ್ಟಿದ ಒಬ್ಬ ಬಡಗಿಯ ಮಗ. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಮೊದಲ ಪೇಟೆಂಟ್ ಪಡೆದ. ಅಲ್ಲಿಂದ ಮೂರು ದಶಕ ಮಗ್ಗವನ್ನೇ ಉಜ್ಜಿ ಉಜ್ಜಿ, 1924ರಲ್ಲಿ ಪೂರ್ತಿ ಸ್ವಯಂಚಾಲಿತ ಮಗ್ಗ ಮಾಡಿದ.

ಅದರ ವಿಶೇಷ ಏನು ಗೊತ್ತಾ? ವೇಗ ಇತ್ತು ನಿಜ, ಆದರೆ ಅದಕ್ಕಿಂತ ದೊಡ್ಡದು ಬೇರೆ. ನೇಯುವಾಗ ನೂಲಿನ ಒಂದು ಎಳೆ ಕಡಿದರೆ ಆ ಮಗ್ಗ ತಾನಾಗಿಯೇ ನಿಂತುಬಿಡುತ್ತಿತ್ತು. ಅಲ್ಲಿಯವರೆಗೆ ಎಳೆ ಕಡಿದದ್ದು ಗೊತ್ತಾಗದೆ ಮಾರುಗಟ್ಟಲೆ ಬಟ್ಟೆ ಹಾಳಾಗುತ್ತಿತ್ತು. ಅದನ್ನು ಕಾಯೋಕೆ ಮಗ್ಗದ ಮುಂದೆ ಒಬ್ಬರು ನಿಂತೇ ಇರಬೇಕಿತ್ತು. ಈಗ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು. ತಪ್ಪಾದರೆ ಯಂತ್ರವೇ ನಿಂತು ಕರೆಯುತ್ತೆ.

1926ರಲ್ಲಿ ಮಗ್ಗದ ಕಂಪನಿ ಹುಟ್ಟಿತು. 1929ರಲ್ಲಿ ಈ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಂದು ಲಕ್ಷ ಪೌಂಡಿಗೆ ಒಪ್ಪಂದ ಮಾಡಿಕೊಂಡು ಪಡೆಯಿತು. ಜವಳಿ ಯಂತ್ರಕ್ಕೆ ಹೆಸರಾದ ದೇಶವೇ ಜಪಾನಿನ ಬಡಗಿಯ ಮಗನ ಹತ್ತಿರ ಬಂದಿತ್ತು! ಸಕಿಚಿಯ ಮಗ ಕಿಚಿರೊಗೆ ಮಾತ್ರ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಂಪನಿಯಲ್ಲೇ ವಾಹನ ವಿಭಾಗ ತೆರೆದ. 1937ರಲ್ಲಿ ಅದು ಬೇರೆ ಕಂಪನಿಯಾಯಿತು. ಮನೆತನದ ಹೆಸರು ಟೊಯೋಡಾ, ಕಾರಿನ ಹೆಸರು ಟೊಯೋಟಾ. ಜಪಾನಿ ಅಕ್ಷರದಲ್ಲಿ 'ಟೊಯೋಟಾ' ಬರೆಯೋಕೆ ಎಂಟು ಗೀಟು ಸಾಕು, ಎಂಟು ಅಲ್ಲಿ ಶುಭದ ಸಂಖ್ಯೆ.

ಶುಭ ಸಂಖ್ಯೆ ಇದ್ದರೂ 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಹೋಯಿತು. ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರ ನಡೆಯಿತು. ಹೊಣೆ ಹೊತ್ತು ಕಿಚಿರೊ ರಾಜೀನಾಮೆ ಕೊಟ್ಟ. ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಟ್ರಕ್‌ಗಳನ್ನು ಕೇಳಿದ್ದರಿಂದ ಕಂಪನಿ ಉಳಿಯಿತು. ಅದನ್ನು ಪೂರ್ತಿ ನೋಡೋಕೆ ಕಿಚಿರೊ ಇರಲಿಲ್ಲ, 1952ರಲ್ಲಿ ತೀರಿಕೊಂಡ.

ಫ್ಯೂಜಿ ಬೆಟ್ಟದ ಪರೀಕ್ಷೆ

ಆ ಕಷ್ಟದ ದಿನಗಳಲ್ಲೇ ಹುಟ್ಟಿದ್ದು ಇವರ ಮೊದಲ ಜೀಪು. 1951ರ ಆ ಗಾಡಿಗೆ ಟ್ರಕ್ಕಿನ ಎಂಜಿನ್ ಹಾಕಿದ್ದರು. ಅದರಲ್ಲಿ ಫ್ಯೂಜಿ ಬೆಟ್ಟದ ಆರನೇ ಹಂತದವರೆಗೂ ಹತ್ತಿ ತೋರಿಸಿದರು. ಹೆಸರೇನೋ 'ಟೊಯೋಟಾ ಜೀಪ್' ಅಂತಿತ್ತು. ಆದರೆ ಜೀಪ್ ಅನ್ನೋದು ಅಮೆರಿಕದ ವಿಲ್ಲಿಸ್ ಕಂಪನಿಯ ಟ್ರೇಡ್‌ಮಾರ್ಕ್. ಹಾಗಾಗಿ 1954ರಲ್ಲಿ ಹೊಸ ಹೆಸರಿಟ್ಟರು: ಲ್ಯಾಂಡ್ ಕ್ರೂಸರ್. ಮರುಭೂಮಿ, ಗಣಿ, ನಿರಾಶ್ರಿತರ ಶಿಬಿರ, ಎಲ್ಲ ಕಡೆ ಓಡಿ 2019ರ ಹೊತ್ತಿಗೆ ಈ ಹೆಸರಿನ ಗಾಡಿಗಳ ಮಾರಾಟ ಒಂದು ಕೋಟಿ ಮುಟ್ಟಿತು.

ಇಲ್ಲೊಂದು ವಿಷಯ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎಸ್‌ಯುವಿಗಳಲ್ಲಿ ಎರಡು ಜಾತಿ. ಒಂದಕ್ಕೆ ಲಾರಿಯ ಹಾಗೆ ಕೆಳಗೆ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅದರ ಮೇಲೆ ಮೈ ಕೂರಿಸಿರುತ್ತಾರೆ. ಲ್ಯಾಂಡ್ ಕ್ರೂಸರ್, ಫಾರ್ಚೂನರ್ ಈ ಜಾತಿ. ಇನ್ನೊಂದು ಕಾರಿನದೇ ಮೈಕಟ್ಟು, ಸ್ವಲ್ಪ ಎತ್ತರ ಅಷ್ಟೆ. 1994ರ ರಾವ್‌ಫೋರ್‌ನಿಂದ ಟೊಯೋಟಾ ಈ ದಾರಿ ಹಿಡಿಯಿತು. ನಮ್ಮಲ್ಲಿನ ಹೈರೈಡರ್ ಈ ಎರಡನೇ ಜಾತಿ.

ಬಿಡದಿಗೆ ಬಂದದ್ದು

ಕರ್ನಾಟಕಕ್ಕೂ ಕಾರಿಗಿಂತ ಮೊದಲು ಬಂದದ್ದು ಜವಳಿ ಯಂತ್ರವೇ. ಆ ಹಳೇ ಮಗ್ಗದ ಕಂಪನಿ 1995ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಬೆಂಗಳೂರಿನಲ್ಲಿ ಜವಳಿ ಯಂತ್ರದ ಕಂಪನಿ ಮಾಡಿತು. 1997ರಲ್ಲಿ ಬಿಡದಿಯ ಕಾರು ಕಂಪನಿ ಹುಟ್ಟಿತು. ಅಲ್ಲಿಂದ ಮೊದಲು ಹೊರಬಂದದ್ದು ಕ್ವಾಲಿಸ್. ನಮ್ಮ ಐಟಿ ಅಕ್ಕಂದಿರು ಅಣ್ಣಂದಿರು ರಾತ್ರಿಪಾಳಿ ಮುಗಿಸಿ ನಿದ್ದೆ ತೂಗುತ್ತಾ ಮನೆಗೆ ಬರುತ್ತಿದ್ದದ್ದು ಅದರಲ್ಲೇ. ಚೆನ್ನಾಗಿ ಓಡುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. 2009ರಲ್ಲಿ ಫಾರ್ಚೂನರ್ ಬಂತು. 2022ರಲ್ಲಿ ಸುಜುಕಿ ಜೊತೆ ಸೇರಿ ಮಾಡಿದ ಹೈರೈಡರ್. ಇದರ ಅವಳಿ, ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಬಿಡದಿಯ ಕೂಸೇ.

ಓಡಿಸುವವರು ಏನಂತಾರೆ

ಸಕಲೇಶಪುರದ ನಮ್ಮ ಭಾವ ಫಾರ್ಚೂನರ್ ಇಟ್ಟುಕೊಂಡು ಏಳು ವರ್ಷ. ತೋಟದ ದಾರಿ, ಮಳೆಗಾಲದ ಕೆಸರು, ಘಾಟಿ. "ನೋಡಮ್ಮ, ಗುಂಡಿ ಬಂದ್ರೆ ನಾನು ಬ್ರೇಕ್ ಮುಟ್ಟಲ್ಲ. ಆದ್ರೆ ನಿಮ್ಮಕ್ಕ ಹಿಂದಿನ ಸೀಟಲ್ಲಿ ಕೂರಲ್ಲ. ಕುಲುಕುತ್ತೆ ಅಂತಾಳೆ" ಅಂದರು. ಇಬ್ಬರದೂ ನಿಜ. ಏಣಿ ಚೌಕಟ್ಟಿನ ಗಾಡಿಯ ಗಟ್ಟಿತನ, ಕುಲುಕಾಟ ಎರಡೂ ಒಂದೇ ಕಡೆಯಿಂದ ಬರುತ್ತವೆ. ಆ ದುಡ್ಡಿಗೆ ಬೇರೆ ಕಂಪನಿಯವರು ಇದಕ್ಕಿಂತ ಹೆಚ್ಚು ಸೌಕರ್ಯ ತುಂಬಿ ಕೊಡ್ತಾರೆ ಅನ್ನೋದನ್ನೂ ಭಾವ ಒಪ್ಪಿದರು. "ಮಾರೋವಾಗ ಗೊತ್ತಾಗುತ್ತೆ ಬಿಡು" ಅಂತ ಮಾತು ಮುಗಿಸಿದರು.

ಆಫೀಸಿನ ಗೆಳತಿಯದು ಹೈರೈಡರ್ ಹೈಬ್ರಿಡ್. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ. ನಿಂತು ನಿಂತು ಹೋಗುವಾಗ ಬ್ಯಾಟರಿಯಲ್ಲೇ ಸಾಗುವುದರಿಂದ ಪೆಟ್ರೋಲ್ ಬಂಕಿಗೆ ಹೋಗೋದೇ ಅಪರೂಪವಂತೆ. ಕಾಗದದ ಮೇಲಿನ ಮೈಲೇಜು ಲೀಟರಿಗೆ 27.97 ಕಿ.ಮೀ. "ಅಷ್ಟೆಲ್ಲ ಬರಲ್ಲ ಕಣೇ, ಆದ್ರೆ ಹಳೇ ಕಾರಿನ ಲೆಕ್ಕಕ್ಕೆ ಹಬ್ಬ" ಅಂದಳು. ದೂರುಗಳೂ ಇವೆ: ಬ್ಯಾಟರಿ ಜಾಗ ತಿಂದಿರೋದರಿಂದ ಡಿಕ್ಕಿ ಚಿಕ್ಕದು, ಹೈವೇಯಲ್ಲಿ ಜೋರಾಗಿ ಒತ್ತಿದರೆ ಮೂರು ಸಿಲಿಂಡರಿನ ಎಂಜಿನ್ ಕೂಗುತ್ತೆ.

ಮೂರನೆಯವರು ಪರ್ತ್‌ನಲ್ಲಿರುವ ನಮ್ಮ ದೊಡ್ಡಮ್ಮನ ಮಗ. ಗಣಿಯಲ್ಲಿ ಎಂಜಿನಿಯರ್. ಲ್ಯಾಂಡ್ ಕ್ರೂಸರ್ ಬಗ್ಗೆ ಕೇಳಿದ್ದಕ್ಕೆ ಸೀಟು, ಸ್ಕ್ರೀನು ಏನನ್ನೂ ಹೇಳಲಿಲ್ಲ. "ಇಲ್ಲಿ ಮುಂದಿನ ಊರು ಮುನ್ನೂರು ಕಿಲೋಮೀಟರ್. ಕೆಟ್ಟರೆ ಅಲ್ಲಿ ಬಿಡಿಭಾಗ ಸಿಗುತ್ತಾ, ರಿಪೇರಿ ಗೊತ್ತಿರೋನು ಇದ್ದಾನಾ, ಅಷ್ಟೇ ಪ್ರಶ್ನೆ" ಅಂದ.

ಮೂವರೂ ಸುತ್ತಿ ಬಳಸಿ ಹೇಳಿದ್ದು ಒಂದೇ: ನಡುದಾರಿಯಲ್ಲಿ ಕೈ ಕೊಡಲ್ಲ. ಈ ನಂಬಿಕೆಗೇ ನಾವು ಹೆಚ್ಚು ದುಡ್ಡು ಕೊಡೋದು.

ಎಳೆ ಕಡಿದರೂ ನಿಲ್ಲದ ದಿನಗಳು

ಈ ನಂಬಿಕೆ ಹುಟ್ಟಿದ್ದು ಆ ಮಗ್ಗದ ಪಾಠದಿಂದ. ಟೊಯೋಟಾ ಕಾರ್ಖಾನೆಗಳಲ್ಲಿ ಸಾಮಾನ್ಯ ಕೆಲಸಗಾರನೂ ತಪ್ಪು ಕಂಡರೆ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು. ಆದರೆ ಅದೇ ಕಂಪನಿ ತನ್ನ ಪಾಠ ಮರೆತ ದಿನಗಳೂ ಇವೆ. ವಾಟ್ಸ್‌ಆ್ಯಪ್ ಪಂಡಿತರು ಅದನ್ನು ಹೇಳೋದಿಲ್ಲ.

2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಕಾರೊಂದು ವೇಗ ತಗ್ಗದೆ ನುಗ್ಗಿ ನಾಲ್ವರು ಸತ್ತರು. ಆಕ್ಸಿಲರೇಟರ್ ಪೆಡಲ್ಲು ಕಾಲಿನ ಕೆಳಗಿನ ಮ್ಯಾಟಿಗೆ ಸಿಕ್ಕಿಕೊಂಡಿತ್ತು. ಬೇರೆ ಕೆಲವು ಮಾದರಿಗಳಲ್ಲಿ ಪೆಡಲ್ಲೇ ಅಂಟಿಕೊಳ್ಳುವ ದೋಷ ಇತ್ತು. ಹತ್ತಾರು ಲಕ್ಷ ವಾಹನಗಳನ್ನು ವಾಪಸ್ ಕರೆಸಬೇಕಾಯಿತು. ಸಕಿಚಿಯ ಮರಿಮಗ ಅಕಿಯೊ ಟೊಯೋಡಾ 2010ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಕಂಪನಿ ಬೆಳೆದ ವೇಗ ಅತಿಯಾಗಿತ್ತೇನೋ ಅಂತಲೂ ಒಪ್ಪಿಕೊಂಡರು. ದೋಷದ ವಿಷಯದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು.

ಎಸ್‌ಯುವಿ ಕೊಳ್ಳುವವರಿಗೆ ಹತ್ತಿರದ್ದು 2024ರ ಜನವರಿಯ ಸುದ್ದಿ. ಮೂರು ಡೀಸೆಲ್ ಎಂಜಿನ್‌ಗಳ ಪ್ರಮಾಣೀಕರಣ ಪರೀಕ್ಷೆಯಲ್ಲಿ, ಕಾರಿಗೆ ಹಾಕುವ ಸಾಫ್ಟ್‌ವೇರ್ ಬಿಟ್ಟು ಬೇರೆಯದನ್ನು ಬಳಸಿ ಶಕ್ತಿಯ ಅಂಕಿಗಳು ನಯವಾಗಿ ಕಾಣುವಂತೆ ಮಾಡಿದ್ದು ಹೊರಬಿತ್ತು. ನಮ್ಮಲ್ಲೂ ಫಾರ್ಚೂನರ್, ಹೈಲಕ್ಸ್, ಇನ್ನೋವಾ ಕ್ರಿಸ್ಟಾ ರವಾನೆಯನ್ನು ಕೆಲ ದಿನ ತಡೆದು, ಮತ್ತೆ ಶುರು ಮಾಡಿದರು. ಗಾಡಿಗಳು ನಿಯಮದ ಮಿತಿಯಲ್ಲೇ ಇವೆ, ಓಡಿಸೋದು ನಿಲ್ಲಿಸಬೇಕಿಲ್ಲ ಅಂತ ಕಂಪನಿ ಹೇಳಿತು. ಇರಬಹುದು. ಆದರೆ ಆ ಪರೀಕ್ಷೆ ಮಾಡಿದ್ದು ಯಾರು ಗೊತ್ತಾ? ಟೊಯೋಟಾ ಇಂಡಸ್ಟ್ರೀಸ್. ಅಂದರೆ 1926ರ ಅದೇ ಮಗ್ಗದ ಕಂಪನಿ! ಎಳೆ ಕಡಿದರೆ ನಿಲ್ಲಬೇಕು ಅಂತ ಲೋಕಕ್ಕೆ ಕಲಿಸಿದ ಮನೆಯಲ್ಲೇ ಎಳೆ ಕಡಿದದ್ದನ್ನು ಮುಚ್ಚಿದ್ದರು.

ಹಾಗಂತ ಟೊಯೋಟಾ ಬೇಡ ಅಂತ ನಾನು ಹೇಳ್ತಿಲ್ಲ. ಭಾವನ ಏಳು ವರ್ಷದ ಅನುಭವ ಸುಳ್ಳಲ್ಲ. ಒಳ್ಳೆಯ ಹೆಸರು ಅನ್ನೋದು ಹಳೆಯ ದುಡಿಮೆಯ ಫಲ. ಇವತ್ತಿನ ಗಾಡಿ ಹೇಗಿದೆ ಅಂತ ಇವತ್ತೇ ನೋಡಬೇಕು. ಅದಕ್ಕೆ ಕಣ್ಣು ತೆರೆದಿರಬೇಕು ಅಷ್ಟೆ.

ಐದು ಸಲ 'ಯಾಕೆ?'

ಕಣ್ಣು ತೆರೆಯುವ ಉಪಾಯವನ್ನೂ ಇವರಿಂದಲೇ ಕಲಿತೆ. ಟೊಯೋಟಾದ ತಯಾರಿಕಾ ಪದ್ಧತಿ ಕಟ್ಟಿದ ತೈಯಿಚಿ ಓನೋ, ಏನೇ ತೊಂದರೆ ಬಂದರೂ ಐದು ಸಲ 'ಯಾಕೆ' ಅಂತ ಕೇಳಿ ಅನ್ನುತ್ತಿದ್ದರು. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಎಣ್ಣೆ ಎತ್ತಲಿಲ್ಲ. ಯಾಕೆ? ಅದರ ದಂಡ ಸವೆದಿತ್ತು. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ಯಂತ್ರ ಮತ್ತೆ ನಿಲ್ಲುತ್ತಿತ್ತು.

ನಾವೂ ಒಂದು ಭಾನುವಾರ ಊಟಕ್ಕೆ ಕೂತಾಗ ಕೇಳಿಕೊಂಡೆವು. ಫಾರ್ಚೂನರ್ ಯಾಕೆ? ಆರು ಜನ ಒಟ್ಟಿಗೆ ಹೋಗಬೇಕು. ಒಟ್ಟಿಗೆ ಯಾಕೆ? ಊರಿಗೆ ಹೋಗೋಕೆ. ವರ್ಷಕ್ಕೆ ಎಷ್ಟು ಸಲ? ಯುಗಾದಿ, ಜಾತ್ರೆ, ದಸರಾ, ದೀಪಾವಳಿ, ನಾಲ್ಕೇ ಸಲ. ಹಾಗಾದರೆ ಎತ್ತರದ ಗಾಡಿನೇ ಯಾಕೆ? ಮಾವನ ಮಂಡಿ ನೋವಿಗೆ. ಅದಕ್ಕೆ ಮಾವನೇ ಬಾಯಿಬಿಟ್ಟರು: "ನಿಮ್ ಭಾವನ ಗಾಡಿ ಹತ್ತೋಕೆ ಇಬ್ಬರು ಕೈ ಹಿಡೀಬೇಕು ಕಣಮ್ಮ. ನಂಗೆ ಸೊಂಟದ ಮಟ್ಟಕ್ಕಿರೋ ಸೀಟು ಸಾಕು." ಮತ್ತೆ ಯಾಕೆ ಬೇಕು? ಯಜಮಾನರು ಸ್ವಲ್ಪ ಹೊತ್ತು ಸಾರು ಕಲಸುತ್ತಾ ಕೂತು, "ಆಸೆ" ಅಂದರು.

ಆಸೆ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಏಳು ವರ್ಷದ ಕಂತು ಕಟ್ಟುವ ಶಕ್ತಿ ಸದ್ಯ ನಮಗಿಲ್ಲ. ಹಾಗಾಗಿ ತೀರ್ಮಾನ ಇಷ್ಟು: ಹಬ್ಬಕ್ಕೆ ಬಾಡಿಗೆಗೆ ಇನ್ನೋವಾ. ದಿನದ ಓಡಾಟಕ್ಕೆ ಚಿಕ್ಕ ಹೈಬ್ರಿಡ್, ಅದೂ ಮಾವ ಹತ್ತಿ ಇಳಿದು ಸರಿ ಅಂದಮೇಲೆ.

ನಿಮ್ಮ ಲೆಕ್ಕ ಬೇರೆ ಇರಬಹುದು. ಮಲೆನಾಡಿನ ತೋಟದ ದಾರಿಯಾದರೆ ಭಾವನ ಮಾತೇ ಸರಿ. ಯಾವ ಶೋರೂಮಿಗೆ ಹೋಗುವ ಮೊದಲೂ ಮನೆಯಲ್ಲಿ ಐದು ಸಲ 'ಯಾಕೆ' ಕೇಳಿ ನೋಡಿ. ಐದನೇ ಉತ್ತರ ಏನು ಬಂತು ಅಂತ ನನಗೂ ಬರೆದು ತಿಳಿಸಿ.