ಮಿದುಳಿನ ಕಾವಲುಗಾರರು

ಬೆಳಗಾವಿಯಿಂದ ಹೊರಟು ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಟ್ಟ ಇಳಿದರೆ ಗೋವಾದ ಸತ್ತರಿ ತಾಲೂಕು ಸಿಗುತ್ತದೆ. ಗೇರು ಹಣ್ಣಾಗುವ ದಿನಗಳಲ್ಲಿ ಘಟ್ಟದ ಮೇಲಿನ ಕೂಲಿಕಾರರು ಅಲ್ಲಿಯ ತೋಟಗಳಿಗೆ ಹೋಗುವುದುಂಟು. 2016ರಲ್ಲಿ ಹಾಗೆ ಹೋಗಿಬಂದ ಬೆಳಗಾವಿ ಜಿಲ್ಲೆಯ ಕೆಲಸಗಾರರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಕಾಡಿನ ಉಣ್ಣೆಗಳು ಕಚ್ಚುವುದರಿಂದ ಬರುವ ವೈರಸ್ ರೋಗವಿದು.

ಈ ಕಾಯಿಲೆಯಲ್ಲಿ ಬಹಳಷ್ಟು ಜನ ಒಂದೆರಡು ವಾರಗಳಲ್ಲಿ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಜ್ವರ ಇಳಿದು, ಮನೆಯವರು ನೆಮ್ಮದಿಯಾಗಿರುವಾಗಲೇ ಮತ್ತೆ ಏರುತ್ತದೆ. ಜೊತೆಗೆ ತೀವ್ರ ತಲೆನೋವು, ಕತ್ತಿನ ಬಿಗಿತ, ಕೈನಡುಕ, ಮಂಕು. ಕಾಯಿಲೆ ಮಿದುಳನ್ನು ಮುಟ್ಟಿದ್ದರ ಲಕ್ಷಣಗಳಿವು.

ಮಿದುಳಿಗೆ ತನ್ನದೇ ಕಾವಲು ಪಡೆಯಿದೆ. ಅದರ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೊ ಡೆಲ್ ರಿಯೊ ಹೊರ್ಟೆಗಾ ಈ ಕೋಶಗಳನ್ನು ಪ್ರತ್ಯೇಕವಾಗಿ ಗುರುತಿಸಿದರು. (ಪಠ್ಯಪುಸ್ತಕಗಳಲ್ಲಿ ನರಕೋಶದ ಚಿತ್ರ ಅಂದವಾಗಿ ಬರುತ್ತದೆ, ಪಕ್ಕದ ಈ ಪುಟ್ಟ ಕೋಶಕ್ಕೆ ಜಾಗವೇ ಇರುವುದಿಲ್ಲ!) ಭ್ರೂಣ ಬೆಳೆಯುವ ಆರಂಭದ ಹಂತದಲ್ಲೇ ಇವು ಮಿದುಳಿಗೆ ಬಂದು ನೆಲೆಸುತ್ತವೆ. ಆರೋಗ್ಯವಾಗಿರುವಾಗಲೂ ತಮ್ಮ ಸಪೂರ ಚಾಚುಗಳನ್ನು ಅತ್ತಿತ್ತ ಆಡಿಸುತ್ತ ಸುತ್ತಲನ್ನು ತಡವುತ್ತಿರುತ್ತವೆ ಎಂಬುದನ್ನು 2005ರಲ್ಲಿ ಜೀವಂತ ಇಲಿಗಳ ಮಿದುಳಿನಲ್ಲೇ ನೋಡಲಾಯಿತು.

ವೈರಸ್‌ನ ತುಣುಕು ಸಿಕ್ಕರೆ ಮೈಕ್ರೋಗ್ಲಿಯಾದ ಗ್ರಾಹಕಗಳು ಅದನ್ನು ಗುರುತು ಹಿಡಿಯುತ್ತವೆ. ಆಗ ಕೋಶ ಚಾಚುಗಳನ್ನು ಒಳಗೆಳೆದುಕೊಂಡು ದಪ್ಪಗಾಗುತ್ತದೆ, ಸತ್ತ ಕೋಶಗಳ ಚೂರುಗಳನ್ನು ನುಂಗುತ್ತದೆ, ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಸೂಸಿ ರಕ್ತದಲ್ಲಿರುವ ಬಿಳಿಕಣಗಳನ್ನು ನೆರವಿಗೆ ಕರೆಯುತ್ತದೆ.

ಹಾಗಾದರೆ ಈ ಕೋಶ ಸದಾ ರೋಷದಲ್ಲೇ ಏಕಿರುವುದಿಲ್ಲ? ಅದನ್ನು ತಡೆಹಿಡಿಯುವುದು ನರಕೋಶವೇ. ಆರೋಗ್ಯವಂತ ನರಕೋಶದ ಮೇಲಿರುವ ಕೆಲವು ಪ್ರೋಟೀನುಗಳು 'ಇಲ್ಲೆಲ್ಲ ಕ್ಷೇಮ' ಎಂಬ ಸಂದೇಶವನ್ನು ಅದಕ್ಕೆ ಎಡೆಬಿಡದೆ ಕಳಿಸುತ್ತಿರುತ್ತವೆ. ನರಕೋಶ ಕಾಯಿಲೆ ಬಿದ್ದರೆ ಸಂದೇಶ ಕುಗ್ಗುತ್ತದೆ, ಹಿಡಿತ ಸಡಿಲುತ್ತದೆ. ಸೋಂಕು ತಗ್ಗಿದ ಮೇಲೆ ಇಂಟರ್‌ಲ್ಯೂಕಿನ್-10ರಂಥ ಸೈಟೋಕೈನುಗಳು ಗಲಾಟೆಯನ್ನು ಶಮನಗೊಳಿಸುತ್ತವೆ.

ಶಮನವಾಗದಿದ್ದರೆ? ಗದ್ದೆ ಕಾಯುವವನು ಹಂದಿ ಓಡಿಸಲು ಹಚ್ಚಿದ ಬೆಂಕಿ ಬಣವೆಗೇ ಹತ್ತಿದಂತೆ! ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಒಳಗಿನ ಒತ್ತಡ ಏರುತ್ತದೆ, ವೈರಸ್ ಮುಟ್ಟದ ನರಕೋಶಗಳೂ ಸಾಯುತ್ತವೆ.

ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ಜ್ವರ, ನಿರ್ಜಲತೆ, ಅಪಸ್ಮಾರಗಳನ್ನು ಹತೋಟಿಯಲ್ಲಿಡುವುದಷ್ಟೇ ವೈದ್ಯರ ಕೈಲಿರುವುದು. ಕಾಡಿಗೋ ತೋಟಕ್ಕೋ ಹೋಗಿಬಂದವರಿಗೆ ಬಿಟ್ಟ ಜ್ವರ ಮರಳಿ ಬಂದಾಗ, ಮಾತು ತಡವರಿಸಿದಾಗ, ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ್ದು ಆ ಕಾಡಿನ ಸಂಗತಿಯನ್ನೇ.