ಸೀಗಿ ಹುಣ್ಣಿಮೆಯ ಊಟಕ್ಕೆ ಹೊಲದ ಹೂವೇ ಸಾಕು

ಸೀಗಿ ಹುಣ್ಣಿಮೆ ಸಮೀಪಿಸುತ್ತಿದೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರಗಳ ನಮ್ಮ ಕನ್ನಡ ಹಳ್ಳಿಗಳಲ್ಲಿ ಆ ದಿನ ಹೊಲವೇ ಮನೆ. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಉಣಿಸುವ ಹಬ್ಬವಿದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆಗಳ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಚರಗ ಚೆಲ್ಲಿ, ಬಳಿಕ ಎಲ್ಲರೂ ಕೂಡಿ ಉಣ್ಣುತ್ತೇವೆ. ಈ ಊಟದ ನಡುವೆ ಎಂಥ ಹೂವು ಇರಬೇಕು ಎಂಬುದೇ ನನ್ನ ಇಂದಿನ ವಿಷಯ. ಇದೇನು ಬರೆಯತಕ್ಕ ಸಂಗತಿಯೇ ಎಂದು ಕೆಲವರು ನಕ್ಕಾರು. ಕಳೆದ ವರ್ಷದವರೆಗೆ ನಾನೂ ನಗುತ್ತಿದ್ದೆ.

ಕಳೆದ ವರ್ಷ ಹತ್ತು ಗುಂಟೆಯಲ್ಲಿ ಚೆಂಡು ಹೂವು ಹಾಕಿದ್ದೆ. ದಸರೆಯ ಹಿಂದಿನ ದಿನ ಪೇಟೆಯಲ್ಲಿ ಒಳ್ಳೆಯ ಬೆಲೆಯಿತ್ತು. ಆದರೆ ಮಳೆ ಹಿಡಿದುದರಿಂದ ಹೂವು ಕೀಳುವುದು ತಡವಾಯಿತು. ಹಬ್ಬದ ದಿನ ಮಧ್ಯಾಹ್ನ ಪೇಟೆ ಮುಟ್ಟುವಷ್ಟರಲ್ಲಿ ಕೇಳುವವರೇ ಇರಲಿಲ್ಲ. ಬಂಡಿಯ ಬಾಡಿಗೆಯೂ ಹುಟ್ಟದೆ, ಉಳಿದ ಹೂವನ್ನು ಅಲ್ಲಿಯೇ ಸುರುವಿದೆ. ಸೀಗಿ ಹುಣ್ಣಿಮೆಗೆ ಪುಣೆಯಿಂದ ತಮ್ಮನ ಮನೆಯವರು ಬರುವವರಿದ್ದರು. ಅವರಿಗೆ ಚಂದ ಕಾಣಲೆಂದು ಬರುವಾಗ ಪ್ಲಾಸ್ಟಿಕ್ಕಿನ ಹೂಮಾಲೆಗಳನ್ನೂ ಒಂದು ಹೂದಾನಿಯನ್ನೂ ಕೊಂಡುತಂದೆ. ಹೂವು ಬೆಳೆದವನೇ ಹೂವನ್ನು ಚೆಲ್ಲಿ ಪ್ಲಾಸ್ಟಿಕ್ ಹೊತ್ತು ಬಂದನು!

ಅವ್ವ ನೋಡಿ ಒಂದೇ ಮಾತು ಅಂದಳು: "ಹೊಲ್ದಾಗ ಇಷ್ಟ್ ಹೂ ಅರಳ್ಯಾವ. ನೀ ಪ್ಯಾಟಿಯಿಂದ ಜೀವ ಇಲ್ಲದ್ದು ತಂದೀಯಲ್ಲೋ ತಮ್ಮಾ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟವಾಯಿತು, ಎಲ್ಲರೂ ಮನೆಗೆ ಬಂದೆವು. ಮಾಲೆಯೊಂದು ಬನ್ನಿ ಗಿಡದ ಬುಡದಲ್ಲಿ ಉಳಿಯಿತು. ಮರುದಿನ ಕರು ಅದನ್ನು ಅಗಿಯಿತು. ಪಶುವೈದ್ಯರು ಬಂದು ಗಂಟಲಲ್ಲಿ ಸಿಕ್ಕ ದಾರವನ್ನು ತೆಗೆದರೂ, ಎರಡು ದಿನ ಅದು ಮೇವು ಮುಟ್ಟಲಿಲ್ಲ. ಕರು ಉಳಿಯಿತು. ನನಗೆ ಬುದ್ಧಿ ಬಂದಿತು.

ಪ್ಲಾಸ್ಟಿಕ್ ಹೂವು ಅಗ್ಗ, ನಾಲ್ಕು ವರ್ಷ ಬಾಳುತ್ತದೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಬಣ್ಣ ಹೋದ ಮೇಲೆ ಅದು ಸೇರುವುದು ಎಲ್ಲಿಗೆ? ನಮ್ಮ ಬದುವಿಗೆ, ಇಲ್ಲವೆ ದನದ ಹೊಟ್ಟೆಗೆ. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹೂವಿನ ಮಟ್ಟಿಗೆ ಕಾಯದೆಯ ದಾರಿ ಕಾಯುವುದೇಕೆ? ನಾವು ಕೊಳ್ಳುವ ಒಂದೊಂದು ಪ್ಲಾಸ್ಟಿಕ್ ಮಾಲೆಗೆ ನೆರೆಯ ರೈತನ ಒಂದು ಬುಟ್ಟಿ ಹೂವು ಪೇಟೆಯಲ್ಲಿ ಬಾಡುತ್ತದೆ.

ಇನ್ನು ಹೂವಿನ ಆಯ್ಕೆ. ಈ ಕಾಲದಲ್ಲಿ ಗುರೆಳ್ಳು ಹಳದಿಯಾಗಿ ಅರಳಿರುತ್ತದೆ, ತೊಗರಿ ಹೂ ಹಿಡಿಯುತ್ತಿರುತ್ತದೆ, ಸಜ್ಜೆಯ ತೆನೆ ಕೈಗೆ ಬಂದಿರುತ್ತದೆ. ಒಂದು ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿ ಐದು ಸಜ್ಜೆ ತೆನೆ, ಒಂದೆರಡು ತೊಗರಿ ಟೊಂಗೆ, ಸುತ್ತಲೂ ಚೆಂಡು ಹೂವು ಇಟ್ಟು ಕಂಬಳಿಯ ನಡುವೆ ಇರಿಸಿರಿ. ಟೊಂಗೆಗಳನ್ನು ಮೊದಲೇ ಝಾಡಿಸಿದರೆ ಇರುವೆ, ಹುಳು ಉದುರುತ್ತವೆ. ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ನಾರುತ್ತವೆ. ಕುಳಿತವರ ಮುಖ ಒಬ್ಬರಿಗೊಬ್ಬರಿಗೆ ಕಾಣುವಂತೆ ಹೂವು ಗಿಡ್ಡಾಗಿರಬೇಕು. ಸುಗಂಧರಾಜದಂಥ ಗಾಢ ವಾಸನೆಯ ಹೂವು ಅಡಿಗೆಯ ವಾಸನೆಯನ್ನು ನುಂಗುತ್ತದೆ, ಅದು ದೂರವಿರಲಿ. ಮನೆಯಲ್ಲಿ ಮೇಜಿನ ಮೇಲೆ ಉಣ್ಣುವವರಿಗೂ ಇದೇ ಮಾತು.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಕಣಗಿಲೆ ಎಷ್ಟೇ ಚೆಲುವಾಗಿದ್ದರೂ ಅದರ ಹೂವು, ಎಲೆ, ಕಾಂಡ ಎಲ್ಲವೂ ವಿಷ. ಎಕ್ಕೆ, ಉಮ್ಮತ್ತಿಗಳೂ ಹಾಗೆಯೇ. ಅವು ದೇವರಿಗೆ ಏರಲಿ, ಮಕ್ಕಳು ಉಣ್ಣುವ ಜಾಗಕ್ಕೆ ಬೇಡ. ಪೇಟೆಯಿಂದ ತಂದ ಹೂವಿಗೆ ಔಷಧ ಹೊಡೆದಿರಬಹುದಾದುದರಿಂದ ಅದರ ಎಸಳು ಅನ್ನಕ್ಕೆ ತಾಗಬಾರದು.

ಚೆಂಡು ಹೂವು ನಮ್ಮ ದೇಶದ್ದಲ್ಲ, ಮೆಕ್ಸಿಕೋದಿಂದ ಬಂದದ್ದು. ಅಲ್ಲಿಯ ಜನರೂ ನವೆಂಬರ್ 1 ಮತ್ತು 2ರಂದು ತೀರಿಹೋದ ಹಿರಿಯರಿಗೆ ಎಡೆಯಿಟ್ಟು, ಸುತ್ತ ಇದೇ ಹೂವನ್ನು ಹಾಕುತ್ತಾರೆ. ಇದು ಬರಿಯ ಅಲಂಕಾರದ ಗಿಡವಲ್ಲ. 16 ಸಾಲು ಟೊಮ್ಯಾಟೊಕ್ಕೆ ಒಂದು ಸಾಲು ಚೆಂಡು ಹೂವು ಹಾಕಿದರೆ, ಕಾಯಿ ಕೊರೆಯುವ ಹುಳುವಿನ ಪತಂಗ ಈ ಹೂವಿಗೆ ಬಂದು ಮೊಟ್ಟೆಯಿಡುತ್ತದೆ. ಟೊಮ್ಯಾಟೊ ಬಹುಮಟ್ಟಿಗೆ ಉಳಿಯುತ್ತದೆ. ಇದರ ಬೇರು ಬೇರುಗಂಟು ಮಾಡುವ ಜಂತುಹುಳುಗಳನ್ನೂ ಅಡಗಿಸುತ್ತದೆ.

ಈ ವರ್ಷ ಬಿತ್ತುವ ಕಾಲ ಮೀರಿತು. ನೆರೆಹೊರೆಯ ರೈತರಿಂದ ಕೊಳ್ಳಿರಿ. ಮುಂದಿನ ವರ್ಷಕ್ಕೆ ಹಬ್ಬದ ಮೂರು ತಿಂಗಳು ಮೊದಲೇ ಬೀಜ ಹಾಕಬೇಕು. ಸುಮಾರು 25ರಿಂದ 30 ದಿನಗಳ ಸಸಿಯನ್ನು ನೆಟ್ಟು, ಬೇರೂರಿ ಬೆಳೆದ ಮೇಲೆ ತುದಿ ಚಿವುಟಿದರೆ ಟೊಂಗೆಗಳು ಹೆಚ್ಚುತ್ತವೆ. ಆದರೆ ಹೂವು ಕೆಲದಿನ ತಡವಾಗುವುದರಿಂದ ಆ ಲೆಕ್ಕವನ್ನೂ ಹಿಡಿಯಬೇಕು. ಸೇವಂತಿಗೆಯ ರೀತಿ ಬೇರೆ. ಹಗಲು ಗಿಡ್ಡಾಗಿ ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುತ್ತದೆ. ಸೀಗಿ ಹುಣ್ಣಿಮೆಗೆ ಸಿಗದಿದ್ದರೂ ದೀಪಾವಳಿಯ ಹೊತ್ತಿಗೆ ಸಿಕ್ಕೀತು. ಎಲ್ಲರೂ ಮಾರುವುದಕ್ಕೆಂದು ಹಾಕಿ ನನ್ನಂತೆ ಒಂದೇ ದಿನದ ಬೆಲೆಯನ್ನು ನಂಬಬಾರದು. ಬದುವಿನ ಮೇಲೆ ಮನೆಗಾಗಿ ಒಂದು ಸಾಲು ಸಾಕು.

ಕೊನೆಗೆ ಮಾಸ್ತರನ ಮಾತೊಂದಿದೆ. ತರಗತಿಯಲ್ಲಿ ಚೆಂಡು ಹೂವು ತೋರಿಸಿದಾಗ ಹೆಚ್ಚಿನ ಮಕ್ಕಳು "ಝೆಂಡು" ಎಂದರು. ಅದು ತಪ್ಪಲ್ಲ, ನೆರೆಯ ಮರಾಠಿಯ ಒಳ್ಳೆಯ ಮಾತೇ. ಆದರೆ ಗುರೆಳ್ಳಿನ ಹೂವನ್ನು ಯಾವ ಭಾಷೆಯಲ್ಲಿಯೂ ಹೇಳಲು ಬಾರದ ಒಕ್ಕಲಿಗರ ಮಕ್ಕಳನ್ನು ಕಂಡು ನನಗೆ ಕೆಡುಕೆನಿಸಿತು. ಹುಣ್ಣಿಮೆಯ ಬೆಳಗ್ಗೆ, ತಂಪು ಹೊತ್ತಿನಲ್ಲಿ, ಹೂವು ಕೊಯ್ಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿರಿ. ಅಜ್ಜಿಯನ್ನು ಜೊತೆಗೆ ಕಳಿಸಿರಿ. ತಂಬಿಗೆ ತುಂಬುವಷ್ಟರಲ್ಲಿ ಹತ್ತು ಹೆಸರು ಬಾಯಿಗೆ ಬಂದಿರುತ್ತವೆ.

ಊಟ ಮುಗಿದ ಮೇಲೆ ಆ ಹೂವನ್ನು ಹೊಲದಲ್ಲಿಯೇ ಬಿಟ್ಟು ಬನ್ನಿರಿ. ಕರು ತಿಂದರೂ ಭಯವಿಲ್ಲ, ಮಣ್ಣಿಗೆ ಸೇರಿದರೆ ಗೊಬ್ಬರ. ಭೂಮಿತಾಯಿಗೆ ಉಡಿ ತುಂಬಲು ಹೋದವರು ಅವಳ ಉಡಿಗೆ ಕಸ ಹಾಕಿ ಬರಬಾರದು.